ಅಮ್ಮನ ಹಳೇ ಕಾಟನ್ ಸೀರೆ ಮತ್ತು ನನ್ನ ಕ್ರೋಶಾ ಕಡ್ಡಿ

ನಮ್ಮನೇಲಿ ಕ್ರೋಶಾ (ಕೊಕ್ಕೆ ಇರೋ ಕಡ್ಡೀಲಿ ದಾರ ಹೆಣೆಯೋದು) ಅಂದ್ರೆ ಬಾಗಿಲಿಗೆ ಉಲ್ಲನ್ ತೋರಣ, ಟಿವಿ ಮೇಲೊಂದು ಕವರು, ಹಬ್ಬದಲ್ಲಿ ತಟ್ಟೆ ಮುಚ್ಚೋ ಬಿಳೀ ಬಟ್ಟೆ, ಅಷ್ಟೇ ಇತ್ತು. ನಾನೂ ಅದೇ ಕಲಿತಿದ್ದು. ಎರಡು ವರ್ಷದ ಹಿಂದೆ ಅಮ್ಮನ ಬೀರು ಖಾಲಿ ಮಾಡುವಾಗ ಹನ್ನೊಂದು ಕಾಟನ್ ಸೀರೆ ಸಿಕ್ಕಿದ್ವು, ಮಡಿಕೆ ಮಡಿಕೆಗೂ ಸವೆದಿದ್ವು, ಉಡೋ ಹಾಗಿಲ್ಲ, ಪಾತ್ರೆ ಸಾಮಾನಿನವರಿಗೆ ಹಾಕೋಕೆ ಅಮ್ಮನಿಗೆ ಮನಸ್ಸಿಲ್ಲ. ಅಜ್ಜಿ ಇದ್ದಿದ್ರೆ ಕೌದಿ ಹೊಲೀತಿದ್ರು. ನಂಗೆ ಕೌದಿ ಹೊಲಿಗೆ ಬರಲ್ಲ, ಕ್ರೋಶಾ ಬರುತ್ತೆ, ಇದನ್ನೇ ದಾರ ಮಾಡಿದ್ರೆ ಹೇಗೆ ಅಂತ ಶುರು ಮಾಡಿದೆ.

ಮೊದಲ ಸೀರೆನ ಕತ್ತರೀಲಿ ಕತ್ತರಿಸ್ದೆ. ಅಡ್ಡಕ್ಕೆ ಕತ್ತರಿಸ್ತಾ ಹೋಗಿ ತುದೀಲಿ ಅರ್ಧ ಇಂಚು ಬಿಟ್ಟು ಮತ್ತೆ ಆ ಕಡೆಯಿಂದ ಈ ಕಡೆಗೆ, ಹೀಗೆ ಹಾವಿನ ಥರ ಒಂದೇ ಉದ್ದ ದಾರ ಬರುತ್ತೆ. ಬಂತು ನಿಜ, ಆದ್ರೆ ತಿರುಗೋ ಕಡೆಯಲ್ಲೆಲ್ಲಾ ಚೌಕದ ಮೂಲೆ ಎದ್ದು ನಿಲ್ತಿತ್ತು, ಪಟ್ಟಿ ಅಗಲನೂ ಒಂದು ಕಡೆ ಮುಕ್ಕಾಲು ಇಂಚು, ಒಂದು ಕಡೆ ಒಂದೂವರೆ. ಎರಡನೇ ಸೀರೆಗೆ ಕತ್ತರಿ ಬಿಟ್ಟು ಹರಿಯೋಕೆ ಶುರು ಮಾಡಿದೆ, ಅಲ್ಲಿಂದ ಕೆಲಸ ಸರಿಹೋಯ್ತು. ಕಾಟನ್ ಸೀರೆ ಎಳೆ ಹಿಡ್ಕೊಂಡೇ ಹರಿಯುತ್ತೆ, ನೀವು ಅಳತೆ ಮಾಡೋದೇ ಬೇಡ. ಅಂಚು ಮೊದ್ಲು ಬಿಡಿಸಿ ಪಕ್ಕಕ್ಕಿಡಿ, ಸೆರಗಿನ ತುದೀಲಿ ಇಂಚಿಗೊಂದು ಚಿಕ್ಕ ಕತ್ತರಿ ಗುರುತು ಹಾಕಿ, ಎರಡು ಕೈಯಲ್ಲಿ ಹಿಡಿದು ಎಳೆದ್ರೆ ಪರ್‍ರ್ ಅಂತ ಐದೂವರೆ ಮೀಟರೂ ಒಂದೇ ಉಸಿರಿಗೆ ಬರುತ್ತೆ. ಧೂಳು ಮಾತ್ರ ಸಿಕ್ಕಾಪಟ್ಟೆ, ಮೂಗಿಗೆ ಬಟ್ಟೆ ಕಟ್ಕೊಂಡು ಟೆರೇಸಲ್ಲೇ ಮಾಡಿ. ಉದುರಿದ ಎಳೆಗಳನ್ನ ಎಸೀಬೇಡಿ, ಸೂಜಿ ಚುಚ್ಚಿಡೋ ದಿಂಬಿನೊಳಗೆ ತುಂಬೋಕೆ ಅದಕ್ಕಿಂತ ಒಳ್ಳೇದಿಲ್ಲ.

ಉದ್ದಕ್ಕೇ ಯಾಕೆ ಹರೀಬೇಕು ಅಂದ್ರೆ, ಸೀರೆಯ ಹಾಸು ಎಳೆ (ಮಗ್ಗದಲ್ಲಿ ಬಿಗಿದು ಕಟ್ಟೋ ಗಟ್ಟಿ ಎಳೆ) ಉದ್ದಕ್ಕೆ ಇರೋದು, ಜೊತೆಗೆ ಜೋಡಣೆನೂ ಕಮ್ಮಿ ಆಗುತ್ತೆ. ಅಡ್ಡಕ್ಕೆ ಹರಿದ್ರೆ ಒಂದೊಂದು ಪಟ್ಟಿ ಮೀಟರು ಚಿಲ್ಲರೆ ಅಷ್ಟೇ, ಜೋಡ್ಸಿ ಜೋಡ್ಸಿ ಸಾಕಾಗುತ್ತೆ. ಆದ್ರೆ ಉದ್ದಕ್ಕೆ ಹರಿದ ಪಟ್ಟಿ ಎಲ್ಲಾ ಮಡಿಕೆಗಳನ್ನೂ ದಾಟಿ ಹೋಗುತ್ತಲ್ಲ, ಆ ಜಾಗ ಸವೆದಿರುತ್ತೆ. ಅದಕ್ಕೆ ಪ್ರತಿ ಪಟ್ಟಿನೂ ಮೊಣಕೈ ಅಳತೆಗೊಂದ್ಸಲ ಜಗ್ಗಿ ನೋಡ್ತೀನಿ. ಕಿತ್ತು ಹೋಗೋದು ಈಗಲೇ ಹೋಗ್ಲಿ, ಹೆಣೆದಾದ್ಮೇಲೆ ಹೋದ್ರೆ ಆ ಸಂಕಟ ಬೇರೆ. ಒಂದಿಂಚಿನ ಪಟ್ಟಿ ಮಾಡಿದ್ರೆ ಒಂದು ಸೀರೇಲಿ ಹತ್ತಿರ ಹತ್ತಿರ 40 ಪಟ್ಟಿ, ಅಂದ್ರೆ 220 ಮೀಟರ್ ದಾರ.

ಜೋಡ್ಸೋಕೆ ಗಂಟು ಹಾಕ್ಬೇಡಿ, ಮ್ಯಾಟ್ ಮಾಡಿದ್ರೆ ಕಾಲಿಗೆ ಒತ್ತುತ್ತೆ. ಎರಡೂ ಪಟ್ಟಿ ತುದೀಲಿ ಅಂಗಿ ಗುಂಡಿ ಕಾಜಾ ಥರ ಒಂದು ಸೀಳು ಮಾಡಿ, ಹೊಸ ಪಟ್ಟಿಯ ಸೀಳಿರೋ ತುದಿನ ಹಳೇ ಪಟ್ಟಿ ಸೀಳೊಳಗೆ ತೂರಿಸಿ, ಹೊಸ ಪಟ್ಟಿಯ ಇನ್ನೊಂದು ತುದಿನ ಅದರದ್ದೇ ಸೀಳಿನೊಳಗಿಂದ ಎಳ್ಕೊಂಡ್ರೆ ಚಪ್ಪಟೆಯಾಗಿ ಕೂತ್ಕೊಳುತ್ತೆ. ಕೊನೇಲಿ ಮೆಲ್ಲಗೆ ಎಳೀಬೇಕು, ಜೋರಾಗಿ ಎಳೆದ್ರೆ ಸೀಳೇ ಹರಿಯುತ್ತೆ.

ಕಡ್ಡಿದು ಇನ್ನೊಂದು ಕಥೆ. ನಮ್ಮೂರ ಅಂಗಡೀಲಿ ಸಿಕ್ಕಿದ್ದು ಲೇಸ್ ಹಾಕೋ ಸಣ್ಣ ಸ್ಟೀಲ್ ಕಡ್ಡಿ, ಇಲ್ಲಾಂದ್ರೆ 6 ಮಿ.ಮೀ. ತನಕದ ಅಲ್ಯೂಮಿನಿಯಂ ಸೆಟ್ಟು. 6ರಲ್ಲಿ ಮೂರು ಸುತ್ತು ಹಾಕೋಷ್ಟ್ರಲ್ಲಿ ಮಣಿಕಟ್ಟು ನೋವು ಬಂದು ಎರಡು ದಿನ ಚಪಾತಿ ಲಟ್ಟಿಸೋಕಾಗ್ಲಿಲ್ಲ. ಆಮೇಲೆ ಬಡಗಿ ಹತ್ರ ಸಾಗುವಾನಿ ತುಂಡಲ್ಲಿ 12 ಮಿ.ಮೀ. ದಪ್ಪದ ಕಡ್ಡಿ ಮಾಡಿಸ್ದೆ. ಕೊಕ್ಕೆ ಒಳಭಾಗನ ಸ್ಯಾಂಡ್ ಪೇಪರಲ್ಲಿ ಒಂದು ಸಂಜೆ ಪೂರ್ತಿ ಉಜ್ಜಿ ಕೊಬ್ಬರಿ ಎಣ್ಣೆ ಹಚ್ಚಿದೆ, ಯಾಕಂದ್ರೆ ಅಲ್ಲಿ ಕೂದಲಷ್ಟು ಸಿಬಿರು ಇದ್ರೂ ಹರಿದ ಬಟ್ಟೆಯ ಎಳೆ ಸಿಕ್ಕಾಕೊಳುತ್ತೆ.

ಮೊದಲು ಮಾಡಿದ್ದು ಎರಡಡಿ ಅಗಲದ ದುಂಡು ಮ್ಯಾಟು, ಸಿಂಗಲ್ ಕ್ರೋಶಾದಲ್ಲಿ, ಅಂದ್ರೆ ಕ್ರೋಶಾದ ಸರಳವಾದ ಗಿಡ್ಡ ಹೆಣಿಗೇಲಿ. ಆರು ಹೆಣಿಗೆಯಿಂದ ಶುರು ಮಾಡಿ ಸುತ್ತಿಗೆ ಆರು ಹೆಚ್ಚಿಸ್ತಾ ಹೋಗೋದು ಕ್ರೋಶಾ ಹಾಕೋರಿಗೆಲ್ಲಾ ಗೊತ್ತಿರೋ ಲೆಕ್ಕ. ಆದ್ರೆ ಏಳನೇ ಸುತ್ತಿಗೆ ಅದು ಬುಟ್ಟಿ ಥರ ಎದ್ದು ನಿಲ್ತು. ನೀರು ಚಿಮುಕಿಸಿ ಇಸ್ತ್ರಿ ಮಾಡ್ದೆ, ಮೇಲೆ ಒಳಕಲ್ಲಿನ ಗುಂಡು ಇಟ್ಟೆ, ಏನೂ ಪ್ರಯೋಜನ ಆಗ್ಲಿಲ್ಲ. ಸೀರೆ ಪಟ್ಟಿ ಜಗ್ಗಲ್ಲ, ಉಲ್ಲನ್ ಥರ ಹೊಂದ್ಕೊಳಲ್ಲ, ನನ್ನ ಕೈ ಬೇರೆ ಬಿಗಿ. ಬಿಚ್ಚಿ ಏಳರಿಂದ ಶುರು ಮಾಡಿ ಸುತ್ತಿಗೆ ಏಳು ಹೆಚ್ಚಿಸ್ದೆ, ಚಪಾತಿ ಥರ ನೆಲಕ್ಕೆ ಕೂತ್ಕೊಂತು. ನಿಮ್ಮ ಕೈ ಸಡಿಲ ಇದ್ರೆ ಆರೇ ಸಾಕಾಗ್ಬಹುದು. ಅಂಚು ಮೇಲೆದ್ರೆ ಹೆಚ್ಚಿಸಿದ್ದು ಕಮ್ಮಿ, ಜಾಲರಿ ಥರ ಅಲೆ ಅಲೆ ಬಂದ್ರೆ ಜಾಸ್ತಿ. ಅದೊಂದು ಮ್ಯಾಟಿಗೆ ಹೆಚ್ಚುಕಮ್ಮಿ ಒಂದೂವರೆ ಸೀರೆ ಹೋಯ್ತು.

ಟೀ ಶರ್ಟು, ಅಂದ್ರೆ ಬನಿಯನ್ ಬಟ್ಟೆ, ಸೀರೆಗಿಂತ ಪೂರ್ತಿ ಉಲ್ಟಾ. ಇದನ್ನ ಹರಿಯೋಕಾಗಲ್ಲ, ಕತ್ತರಿಸ್ಲೇಬೇಕು. ಕಂಕುಳ ಕೆಳಗಿನ ಭಾಗನ ಅಡ್ಡಡ್ಡ ಇಂಚಿಗೊಂದರಂತೆ ಕತ್ತರಿಸಿ, ಒಂದು ಪಕ್ಕದಲ್ಲಿ ಎರಡಿಂಚು ಬಿಡಬೇಕು, ಆಮೇಲೆ ಬಿಟ್ಟ ಜಾಗನ ಬಿಡಿಸಿಟ್ಟು ಒಂದು ಪಟ್ಟಿಯಿಂದ ಮುಂದಿನ ಪಟ್ಟಿಗೆ ಓರೆಯಾಗಿ ಕತ್ತರಿಸಿದ್ರೆ ಇಡೀ ಶರ್ಟು ಒಂದೇ ದಾರ. ಎಳೆದ ತಕ್ಷಣ ಅಂಚುಗಳು ತಾವೇ ಸುರುಳಿ ಸುತ್ಕೊಂಡು ದುಂಡಗಾಗ್ತವೆ, ಅದನ್ನ ನೋಡೋದೇ ಒಂದು ಖುಷಿ. ರಬ್ಬರ್ ಪ್ರಿಂಟ್ ಇರೋ ಜಾಗ ಮಾತ್ರ ಸುರುಳಿ ಆಗಲ್ಲ, ಬಿಟ್ಬಿಡಿ. ನಮ್ಮವರ ಎಲ್ ಸೈಜ್ ಶರ್ಟಲ್ಲಿ ಎಳೆಯೋಕ್ ಮುಂಚೆ 19 ಮೀಟರ್ ಬಂತು. ಇದರಲ್ಲಿ ಮಾಡಿದ ಕೈಚೀಲ ತರಕಾರಿ ಭಾರಕ್ಕೆ ಮೊಣಕಾಲ ತನಕ ಜಗ್ಗುತ್ತೆ, ಹಾಗಾಗಿ ಚೀಲದ ಹಿಡಿಕೆಗೆ ನಾನು ಯಾವಾಗ್ಲೂ ಸೀರೆ ಪಟ್ಟಿನೇ ಹಾಕೋದು.

ಯಾವ ಬಟ್ಟೆ ಅಂತ ಗೊತ್ತಾಗದಿದ್ರೆ ಎರಡು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಸಿಂಕ್ ಮೇಲೆ ಬೆಂಕಿಕಡ್ಡಿ ಗೀರಿ ಸುಟ್ಟು ನೋಡಿ. ಕಾಟನ್ ಪೇಪರ್ ಸುಟ್ಟ ವಾಸನೆ ಬಂದು ಬೂದಿ ಆಗುತ್ತೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತೆ. ಪಾಲಿಯೆಸ್ಟರ್ ಸೀರೆ ಮ್ಯಾಟು ನೀರು ಹೀರಲ್ಲ, ಬಚ್ಚಲ ಬಾಗಿಲಲ್ಲಿ ಹಾಕಿದ್ರೆ ಜಾರುತ್ತೆ, ವಯಸ್ಸಾದವರಿರೋ ಮನೇಲಿ ದಯವಿಟ್ಟು ಹಾಕ್ಬೇಡಿ.

ಈಗ ನಂಗೆ ತುಂಬಾ ಇಷ್ಟ ಆಗಿರೋ ಪ್ರಯೋಗ ಅಂದ್ರೆ ಹುರಿ ಹೊಸೆಯೋದು. ಅಜ್ಜಿ ಬತ್ತಿ ಹೊಸೆಯೋದನ್ನ ನೋಡಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಎರಡು ಬಣ್ಣದ ಪಟ್ಟಿ ತಗೊಂಡು ತುದಿನ ಕಿಟಕಿ ಸರಳಿಗೆ ಕಟ್ಟಿ, ಎರಡನ್ನೂ ಬೇರೆ ಬೇರೆಯಾಗಿ ಬಲಕ್ಕೆ ತಿರುಚ್ತಾ, ಒಂದರ ಮೇಲೊಂದನ್ನ ಎಡಕ್ಕೆ ಸುತ್ತುತ್ತಾ ಬರಬೇಕು. ಒಂದು ಬಿಚ್ಕೊಳೋಕೆ ನೋಡಿದ್ರೆ ಇನ್ನೊಂದು ಬಿಗಿಯಾಗುತ್ತೆ, ಹಾಗಾಗಿ ಕೈ ಬಿಟ್ರೂ ಹುರಿ ಹಾಗೇ ನಿಲ್ಲುತ್ತೆ. ತಿರುಚೋದು, ಸುತ್ತೋದು ಎರಡನ್ನೂ ಒಂದೇ ಕಡೆಗೆ ಮಾಡಿದ್ರೆ ಬಿಟ್ಟ ಕೂಡ್ಲೇ ಎಲ್ಲಾ ಬಿಚ್ಚಿಹೋಗುತ್ತೆ, ನಂಗೆ ಇದು ಗೊತ್ತಾಗೋಕೆ ಒಂದು ವಾರ ಬೇಕಾಯ್ತು. ಈ ಹುರಿನ ಹೆಣೆಯೋದಿಲ್ಲ, ಸುರುಳಿ ಸುತ್ತಿ ಅದರ ಮೇಲೆ ಸಣ್ಣ ಕಾಟನ್ ದಾರದಲ್ಲಿ ಸಿಂಗಲ್ ಕ್ರೋಶಾ ಹಾಕ್ತಾ ಕೆಳಗಿನ ಸುತ್ತಿಗೆ ಸೇರಿಸ್ಕೊಂಡು ಹೋಗೋದು. ಬುಟ್ಟಿ ಎಷ್ಟು ಗಟ್ಟಿ ಬರುತ್ತೆ ಅಂದ್ರೆ ತೆಂಗಿನಕಾಯಿ ಹಾಕಿಟ್ರೂ ಗೋಡೆ ಬಾಗಲ್ಲ.

ಪಕ್ಕಕ್ಕಿಟ್ಟಿದ್ದ ಹನ್ನೊಂದು ಸೀರೆ ಅಂಚುಗಳನ್ನ ಈಗ ಹಾಗೇ ಹೊಸೀತಿದ್ದೀನಿ. ಅಂಚು ನೇಯ್ಗೆ ಒತ್ತಾಗಿರೋದ್ರಿಂದ ಹುರಿ ಹೆಬ್ಬೆರಳಷ್ಟು ದಪ್ಪ ಬರ್ತಿದೆ. ಅಮ್ಮ ದಿನಾ ಪಕ್ಕ ಬಂದು ಕೂತು ಇದು ನೀನು ಹುಟ್ಟಿದಾಗ ತಗೊಂಡಿದ್ದು, ಇದು ಚಿಕ್ಕಮ್ಮನ ಮದುವೇಲಿ ಕೊಟ್ಟಿದ್ದು ಅಂತ ಅಂಚು ನೋಡೇ ಹೇಳ್ತಾರೆ, ನಾನು ಅದೇ ವರ್ಷದ ಕ್ರಮದಲ್ಲಿ ಸುತ್ತು ಹಾಕ್ತಿದ್ದೀನಿ, ನಿನ್ನೆಗೆ ಆರನೇ ಸೀರೆ ಮುಗೀತು.