ಮೊದಲು ಖರ್ಚಿನ ಪಟ್ಟಿ, ಆಮೇಲೆ ಧ್ಯೇಯೋದ್ದೇಶ: ಅನುದಾನದ ಅರ್ಜಿ ಬರೆದ ನನ್ನ ಅನುಭವ

ಪ್ರತಿಷ್ಠಾನಗಳಿಗೆ ಅರ್ಜಿ ಹಾಕುವ ಸಣ್ಣ ಸಂಸ್ಥೆಗಳು ಸಾಮಾನ್ಯವಾಗಿ ಧ್ಯೇಯೋದ್ದೇಶಗಳನ್ನು ಬರೆಯುತ್ತ ಕೂರುತ್ತವೆ. ಬಜೆಟ್ ಪಟ್ಟಿ ತುಂಬುವುದು ಕೊನೆಯ ದಿನ ರಾತ್ರಿ. ನಾವು ಈ ಕ್ರಮವನ್ನೇ ತಿರುಗಿಸಿದೆವು. ಪೈಪೋಟಿ ಇರುವಲ್ಲಿ ಪರಿಶೀಲಕರ ನಂಬಿಕೆ ಗಳಿಸುವುದು ಖರ್ಚಿನ ಪಟ್ಟಿಯೇ. ಕೆಲಸ ಗೊತ್ತಿಲ್ಲದವರು ಚೆಂದದ ಮಾತು ಬರೆಯಬಹುದು, ಆದರೆ ನಿಜವಾದ ಬಜೆಟ್ ಬರೆಯಲಾರರು.

ನಮ್ಮದು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಭಾಗದ ತಾಂಡಾಗಳಲ್ಲಿ ಕೆಲಸ ಮಾಡುವ ಚಿಕ್ಕ ಸಂಸ್ಥೆ. ದಸರಾ ಮುಗಿಯುತ್ತಲೇ ಇಲ್ಲಿನ ಎಷ್ಟೋ ಕುಟುಂಬಗಳು ಮುಂಗಡ ಪಡೆದು ಕಬ್ಬು ಕಡಿಯಲು ಹೊರಡುತ್ತವೆ. ಕೆಲವರು ಮಹಾರಾಷ್ಟ್ರಕ್ಕೆ ಹೋದರೆ ಕೆಲವರು ಬೆಳಗಾವಿ, ಬಾಗಲಕೋಟೆಯ ಕಾರ್ಖಾನೆಗಳ ಕಡೆಗೆ ಹೋಗುತ್ತಾರೆ. ಮರಳುವುದು ಯುಗಾದಿಯ ಹೊತ್ತಿಗೆ. ಜೊತೆಯಲ್ಲಿ ಹೋದ ಮಗುವಿನ ಓದು ಅರ್ಧಕ್ಕೇ ನಿಲ್ಲುತ್ತದೆ. ಅಂತಹ ಮಕ್ಕಳನ್ನು ಊರಿನಲ್ಲೇ ಅಜ್ಜ–ಅಜ್ಜಿಯರ ಬಳಿ ಉಳಿಸಿ, ಸಂಜೆಯ ಪಾಠ ಮತ್ತು ರಾತ್ರಿಯ ಊಟ ಕೊಟ್ಟು ಶಾಲೆ ತಪ್ಪದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಅರ್ಜಿಯಲ್ಲಿ ಸಮಸ್ಯೆಯನ್ನು ವಿವರಿಸುವ ಭಾಗಕ್ಕೆ ದೇಶದ, ರಾಜ್ಯದ ಅಂಕಿಅಂಶಗಳನ್ನು ತುಂಬಲು ನಾನು ಒಪ್ಪಲಿಲ್ಲ. ಅವು ಎಲ್ಲ ಅರ್ಜಿಗಳಲ್ಲೂ ಇರುತ್ತವೆ. ಅದರ ಬದಲು ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಪತ್ರ ಹಿಡಿದು ಶಾಲೆಗಳಿಗೆ ಹೋದೆವು. ಮುಖ್ಯ ಶಿಕ್ಷಕರ ಎದುರಿಗೇ ಕುಳಿತು ಹಾಜರಿ ಪುಸ್ತಕದಿಂದ ಜೂನ್–ಸೆಪ್ಟೆಂಬರ್ ತಿಂಗಳ ಹಾಜರಿಯನ್ನೂ ನವೆಂಬರ್–ಫೆಬ್ರುವರಿಯ ಹಾಜರಿಯನ್ನೂ ತರಗತಿವಾರು ಬರೆದುಕೊಂಡೆವು. ಕಬ್ಬಿನ ಹಂಗಾಮು ಶುರುವಾದಾಗ ಹಾಜರಿ ಹೇಗೆ ಕುಸಿಯುತ್ತದೆ ಎಂಬುದನ್ನು ತೋರಿಸಲು ಬೇರೆ ಯಾವ ಸಮೀಕ್ಷೆಯೂ ಬೇಕಾಗಲಿಲ್ಲ. ಮಕ್ಕಳ ಹೆಸರನ್ನಾಗಲಿ ಎಸ್‌ಎಟಿಎಸ್ ಸಂಖ್ಯೆಯನ್ನಾಗಲಿ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆ) ಅರ್ಜಿಯಲ್ಲಿ ಕೊಡಲಿಲ್ಲ. ಕೊಟ್ಟದ್ದು ಒಟ್ಟು ಲೆಕ್ಕ ಮಾತ್ರ. ಮಕ್ಕಳ ವಿವರವನ್ನು ಕಾಯುವುದು ಕೂಡ ನಮ್ಮ ಹೊಣೆ.

ಇನ್ನು ಬಜೆಟ್. ಸಂಜೆಯ ಪಾಠ, ಊಟ ನಡೆಯುವ ಒಂದು ಕೇಂದ್ರ, ಒಂದು ಸಂಜೆ: ಅಲ್ಲಿಂದ ಲೆಕ್ಕ ಹಿಡಿದೆವು. ಎಷ್ಟು ಮಕ್ಕಳು, ಎಷ್ಟು ಜೋಳ, ಎಷ್ಟು ಬೇಳೆ, ಅಡುಗೆಯವರ ಸಂಬಳ, ಗ್ಯಾಸ್ ಸಿಲಿಂಡರ್, ಕರೆಂಟ್ ಹೋದಾಗ ಬೇಕಾಗುವ ಸೋಲಾರ್ ದೀಪ, ಕಲಿಸುವ ಯುವತಿ ಕತ್ತಲಾದ ಮೇಲೆ ಮನೆ ಸೇರಲು ವಾಹನದ ಖರ್ಚು. ಈ ಕೊನೆಯ ಬಾಬತ್ತನ್ನು ಬಿಟ್ಟುಬಿಡಿ ಎಂದು ಹಲವರು ಸಲಹೆ ಕೊಟ್ಟರು. ನಾನು ಬಿಡಲಿಲ್ಲ. ಅದಿಲ್ಲದಿದ್ದರೆ ತಾಂಡಾದಲ್ಲಿ ಕಲಿಸಲು ಹೆಣ್ಣುಮಕ್ಕಳೇ ಸಿಗುವುದಿಲ್ಲ. ಅಡುಗೆಯವರೇ ಹೇಳಬೇಕಾದ ದರವನ್ನು ಕಚೇರಿಯಲ್ಲಿ ಕೂತು ಊಹಿಸಲಾಗದು ಎಂದು ಅವರನ್ನೂ ಕೂರಿಸಿಕೊಂಡೇ ಪಟ್ಟಿ ಮಾಡಿದೆವು. ಇಡೀ ಪ್ರಸ್ತಾವನೆಯನ್ನು ಮೊದಲು ಕನ್ನಡದಲ್ಲಿ ಬರೆದು, ಕೇಂದ್ರ ನಡೆಸುವವರೆಲ್ಲ ಓದಿ ತಿದ್ದಿದ ಮೇಲಷ್ಟೇ ಇಂಗ್ಲಿಷಿಗೆ ತಂದೆವು.

ಲೆಕ್ಕ ಬರೆಯುವವರ ಸಂಬಳ, ಕಚೇರಿ ಬಾಡಿಗೆ, ಆಡಿಟ್ ಶುಲ್ಕವನ್ನು ಸಣ್ಣ ಸಂಸ್ಥೆಗಳು ಸಂಕೋಚದಿಂದ ಮರೆಮಾಡುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ. ಸಿಎಸ್‌ಆರ್ (ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗಾಗಿ ಕೊಡುವ) ಹಣದ ವಿಷಯದಲ್ಲಿ ಆಡಳಿತ ವೆಚ್ಚ ಶೇ. 5 ಮೀರಬಾರದು ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. 2021ರಲ್ಲಿ ತಿದ್ದುಪಡಿಯಾದ ನಿಯಮಗಳಲ್ಲಿ ಆ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗದ ಸಾಮಾನ್ಯ ಆಡಳಿತಕ್ಕೆ ಮಾಡುವ ಖರ್ಚಿಗೆ. ನಿರ್ದಿಷ್ಟ ಯೋಜನೆಯ ಅನುಷ್ಠಾನ, ಮೇಲ್ವಿಚಾರಣೆ, ಮೌಲ್ಯಮಾಪನಕ್ಕೆ ನೇರವಾಗಿ ತಗಲುವ ಖರ್ಚು ಅದರಲ್ಲಿ ಸೇರುವುದಿಲ್ಲ. ಹಾಗಾಗಿ ಕೇಂದ್ರಗಳನ್ನು ಸುತ್ತಿ ನೋಡುವ ಸಂಯೋಜಕರ ವೇತನವನ್ನು ಯೋಜನೆಯ ವೆಚ್ಚದಲ್ಲೇ ತೋರಿಸಿ, ಅವರು ಮಾಡುವ ಕೆಲಸವನ್ನು ಎದುರಿಗೇ ಬರೆದೆವು.

ದಾಖಲೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ನೋಂದಣಿ ಪತ್ರ, ಬೈಲಾ, ಮೂರು ವರ್ಷದ ಆಡಿಟ್ ವರದಿ, 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ) ನೋಂದಣಿ, ಸ್ವಯಂಸೇವಾ ಸಂಸ್ಥೆಗಳಿಗೆ ನೀತಿ ಆಯೋಗದ ದರ್ಪಣ್ ಜಾಲತಾಣ ಕೊಡುವ ಸಂಖ್ಯೆ, ಕಾರ್ಯಕಾರಿ ಸಮಿತಿಯ ಠರಾವು. ಕಂಪನಿಯ ಸಿಎಸ್‌ಆರ್ ಹಣವಾದರೆ 2021ರ ಏಪ್ರಿಲ್‌ನಿಂದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆಯ ನೋಂದಣಿಯೂ ಬೇಕು. 12ಎ, 80ಜಿ ಅವಧಿ ಮುಗಿಯುವ ದಿನಾಂಕವನ್ನು ಗೋಡೆಯ ಮೇಲೆ ಬರೆದಿಡಿ. ನವೀಕರಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬೇಕಾಗುತ್ತದೆ.

ಪ್ರತಿಷ್ಠಾನದವರು ಸ್ಥಳ ಪರಿಶೀಲನೆಗೆ ಬಂದಾಗ ಹಾರ ತುರಾಯಿ ಇಡಲಿಲ್ಲ, ಮಕ್ಕಳಿಂದ ಸ್ವಾಗತ ಗೀತೆ ಹಾಡಿಸಲಿಲ್ಲ. ಪಾಠ ನಡೆಯುವ ಹೊತ್ತಿಗೇ ಕರೆದೊಯ್ದೆವು. “ಮೂರು ವರ್ಷದ ನಂತರ ನಮ್ಮ ಹಣ ನಿಂತರೆ ಏನು ಮಾಡುತ್ತೀರಿ?” ಎಂದು ಕೇಳಿದರು. ಕೋಣೆ ಮತ್ತು ವಿದ್ಯುತ್ತನ್ನು ಗ್ರಾಮ ಪಂಚಾಯಿತಿ ಕೊಡಲು ಒಪ್ಪಿದ ಪತ್ರ ತೋರಿಸಿದೆ. ಸಮಗ್ರ ಶಿಕ್ಷಣ ಯೋಜನೆಯಡಿ ವಲಸೆಯ ಹಂಗಾಮಿನ ವಸತಿನಿಲಯಗಳಿಗೆ ಅವಕಾಶವಿದೆ, ಅದಕ್ಕಾಗಿ ಶಿಕ್ಷಣ ಇಲಾಖೆಯ ಬೆನ್ನು ಬಿದ್ದಿದ್ದೇವೆ ಎಂದೂ ಹೇಳಿದೆ. ಕಲಿಸುವವರ ಗೌರವಧನವನ್ನು ಮಾತ್ರ ತಾಂಡಾದವರಿಂದ ಎತ್ತಲಾಗುವುದಿಲ್ಲ ಎಂದು ನೇರವಾಗಿ ತಿಳಿಸಿದೆ. ಮುಂಗಡದ ಸಾಲ ತೀರಿಸಲು ಕಬ್ಬು ಕಡಿಯುವವರಿಂದ ವಂತಿಗೆ ಕೇಳುವುದನ್ನು ‘ಸ್ವಾವಲಂಬನೆ’ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಮಂಜೂರಾತಿಯ ಮಾತು ಬಂದಾಗ ಉಳಿದದ್ದು ಕಂತಿನ ಪ್ರಶ್ನೆ. ಪ್ರತಿಷ್ಠಾನದ ಪದ್ಧತಿ ಮೂರು ತಿಂಗಳಿಗೊಮ್ಮೆ ಸಮ ಕಂತು, ನಮ್ಮ ಖರ್ಚಿನ ಬಹುಪಾಲು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ತಿಂಗಳವಾರು ಖರ್ಚಿನ ಪಟ್ಟಿ ಮೊದಲೇ ಸಿದ್ಧವಿದ್ದುದರಿಂದ ಅದನ್ನೇ ಮುಂದಿಟ್ಟು, ದೊಡ್ಡ ಕಂತು ಸೆಪ್ಟೆಂಬರ್‌ನಲ್ಲೇ ಬರಬೇಕೆಂದು ಕೇಳಿದೆವು. ಒಪ್ಪಿದರು. ಆ ಅನುದಾನಕ್ಕೆ ಪ್ರತ್ಯೇಕ ಲೆಕ್ಕದ ಪುಸ್ತಕ ತೆರೆದು, ಕಬ್ಬು ಕಡಿಯುವ ಗ್ಯಾಂಗುಗಳ ಟ್ರ್ಯಾಕ್ಟರ್ ಹೊರಡುವ ಮುನ್ನವೇ ಜೋಳ, ಬೇಳೆ ಖರೀದಿಸಿದೆವು.