ಕೇಳುವ ಮುನ್ನ ಲೆಕ್ಕ ಹಾಕಿ: ಸೇವಾ ಸಂಸ್ಥೆಗೆ ಹಣ ಕೂಡಿಸುವ ಬಗೆ

ಹೊಸ ಸೇವಾ ಸಂಸ್ಥೆಗಳು ಸಾಮಾನ್ಯವಾಗಿ ಮೊದಲು ಮಾಡಿಸುವುದು ಲೋಗೊ, ಆಮೇಲೆ ಫೇಸ್‌ಬುಕ್ ಪುಟ, ಅದಾದ ಮೇಲೆ ಬ್ರೋಷರ್. ಆರು ತಿಂಗಳಾದರೂ ದೇಣಿಗೆ ಬಾರದಿದ್ದರೆ ‘ಪ್ರಚಾರ ಸಾಲಲಿಲ್ಲ’ ಎಂದುಕೊಳ್ಳುತ್ತವೆ. ಕೊರತೆ ಇರುವುದು ಬಹುತೇಕ ಬೇರೆಡೆ. ಯಾರನ್ನು, ಎಷ್ಟು, ಯಾತಕ್ಕೆ ಕೇಳಬೇಕೆಂಬುದು ಸಂಸ್ಥೆಗೇ ಸ್ಪಷ್ಟವಿರುವುದಿಲ್ಲ. ಬ್ರೋಷರ್ ಪಕ್ಕಕ್ಕಿಟ್ಟು ಲೆಕ್ಕದ ಪುಸ್ತಕ ತೆಗೆಯಿರಿ.

1. ನಿಜವಾದ ಖರ್ಚು ಕಂಡುಕೊಳ್ಳಿ

60 ಮಕ್ಕಳಿಗೆ ಸಂಜೆ ಪಾಠ ಹೇಳುವ ಯೋಜನೆ ಇದೆ ಎಂದಿಟ್ಟುಕೊಳ್ಳಿ. ಶಿಕ್ಷಕರ ಸಂಬಳ, ಪುಸ್ತಕ, ಕೋಣೆಯ ಬಾಡಿಗೆ ಸೇರಿ ವರ್ಷಕ್ಕೆ ನೇರ ಖರ್ಚು 6 ಲಕ್ಷ (ಯಾವ ನಾಣ್ಯವಾದರೂ ಸರಿ). ಬಹಳಷ್ಟು ಸಂಸ್ಥೆಗಳು ಇಲ್ಲಿಗೇ ನಿಲ್ಲಿಸಿ 6 ಲಕ್ಷ ಕೇಳುತ್ತವೆ. ಆದರೆ ಕಚೇರಿ, ಲೆಕ್ಕಿಗರು, ಆಡಿಟ್, ಇಂಟರ್ನೆಟ್, ಸಂಯೋಜಕರ ಸಮಯ ಎಂದು ಇಡೀ ಸಂಸ್ಥೆಗೆ ವರ್ಷಕ್ಕೆ 4 ಲಕ್ಷ ತಗಲುತ್ತಿದ್ದು, ಸಿಬ್ಬಂದಿಯ ಸಮಯದಲ್ಲಿ ಶೇ 30ರಷ್ಟನ್ನು ಈ ಯೋಜನೆಯೇ ನುಂಗುತ್ತಿದ್ದರೆ, ಇನ್ನೂ 1.2 ಲಕ್ಷ ಇದರ ಪಾಲಿಗೆ ಬರಬೇಕು. ಒಟ್ಟು 7.2 ಲಕ್ಷ. ಅಂದರೆ ಒಂದು ಮಗುವಿಗೆ ವರ್ಷಕ್ಕೆ 12,000, ತಿಂಗಳಿಗೆ 1,000.

ಆ 1.2 ಲಕ್ಷವನ್ನು ಮುಚ್ಚಿಟ್ಟರೆ ಯೋಜನೆ ಹೆಚ್ಚಾದಷ್ಟೂ ಸಂಸ್ಥೆ ಸೊರಗುತ್ತದೆ. ಆಡಳಿತ ವೆಚ್ಚ ಕಡಿಮೆಯಿದ್ದಷ್ಟೂ ಸಂಸ್ಥೆ ಒಳ್ಳೆಯದೆಂಬ ನಂಬಿಕೆಯೇ ಈ ಮುಚ್ಚುಮರೆಗೆ ಕಾರಣ. ಅಮೆರಿಕದಲ್ಲಿ ಸೇವಾ ಸಂಸ್ಥೆಗಳ ಕುರಿತು ದಾನಿಗಳಿಗೆ ಮಾಹಿತಿ ಕೊಡುವ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್, ಬಿಬಿಬಿ ವೈಸ್ ಗಿವಿಂಗ್ ಅಲೈಯನ್ಸ್ ಮೂರೂ ಸೇರಿ 2013ರಲ್ಲಿ ದಾನಿಗಳಿಗೆ ಬಹಿರಂಗ ಪತ್ರ ಬರೆದು, ಈ ಒಂದೇ ಅಂಕಿಯಿಂದ ಸಂಸ್ಥೆಯನ್ನು ಅಳೆಯಬೇಡಿ ಎಂದಿದ್ದವು. ಖರ್ಚು ಮರೆಮಾಡುವ ಬದಲು ಅದರಿಂದ ಏನು ನಡೆಯುತ್ತದೆ ಎಂದು ವಿವರಿಸುವುದು ಮೇಲು.

2. ನಿಮಗೆ ಇಬ್ಬರು ಗಿರಾಕಿಗಳು

ಮಾರ್ಕೆಟಿಂಗ್ ಎಂದರೆ ಅಂಗಡಿಯವರ ವಿದ್ಯೆ, ಸೇವೆಗೂ ಅದಕ್ಕೂ ಏನು ಸಂಬಂಧ ಎನ್ನುವವರು ಇಂದಿಗೂ ಇದ್ದಾರೆ. ಮಾರ್ಕೆಟಿಂಗ್ ವಿದ್ವಾಂಸರಾದ ಫಿಲಿಪ್ ಕಾಟ್ಲರ್ ಮತ್ತು ಸಿಡ್ನಿ ಲೆವಿ 1969ರಲ್ಲೇ ಅದು ಲಾಭಕ್ಕಾಗಿ ನಡೆಯದ ಸಂಸ್ಥೆಗಳಿಗೂ ಅನ್ವಯಿಸುತ್ತದೆ ಎಂದು ವಾದಿಸಿದ್ದರು. ತೊಡಕೊಂದಿದೆ: ಅಂಗಡಿಯಲ್ಲಿ ಹಣ ಕೊಡುವವರೇ ಸರಕು ಪಡೆಯುತ್ತಾರೆ, ಇಲ್ಲಿ ಕೊಡುವವರು ಒಬ್ಬರು, ಪಡೆಯುವವರು ಇನ್ನೊಬ್ಬರು. ಪಾಠಕ್ಕೆ ಬರುವ ಮಗುವಿನ ತಾಯಿಗೆ ಬೇಕಿರುವುದು ಸಮಯ, ಸ್ಥಳ, ಸುರಕ್ಷತೆಯ ಮಾಹಿತಿ. ದಾನಿಗೆ ಬೇಕಿರುವುದು ತನ್ನ ಹಣದಿಂದ ಏನು ಬದಲಾಯಿತು ಎಂಬುದು. ಒಂದೇ ಕರಪತ್ರದಲ್ಲಿ ಇಬ್ಬರನ್ನೂ ಒಲಿಸಲು ಹೋದರೆ ಇಬ್ಬರೂ ಓದುವುದಿಲ್ಲ.

3. ಒಂದು ಪುಟದ ಮನವಿ

ಸಮಸ್ಯೆ ಏನು, ನೀವು ಮಾಡುವುದೇನು, ಅದು ಫಲ ಕೊಡುತ್ತಿದೆ ಎನ್ನಲು ಆಧಾರವೇನು, ಎಷ್ಟು ಹಣ ಬೇಕು, ಯಾವಾಗ ಬೇಕು. ಇಷ್ಟೇ, ಒಂದೇ ಪುಟ. ಸಂಸ್ಥೆಯ ಇತಿಹಾಸ, ಅಧ್ಯಕ್ಷರ ಸಂದೇಶ ಬೇಡ.

ಅಂಕಿಅಂಶಕ್ಕಿಂತ ಒಬ್ಬ ವ್ಯಕ್ತಿಯ ಕಥೆ ಹೆಚ್ಚು ನಾಟುತ್ತದೆ ಎಂಬುದಕ್ಕೆ ಪ್ರಯೋಗದ ಆಧಾರವಿದೆ. ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೀನ್, ಪಾಲ್ ಸ್ಲೋವಿಕ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಕ್ಷಾಂತರ ಜನರ ಹಸಿವಿನ ಅಂಕಿ ಓದಿದವರಿಗಿಂತ ಒಬ್ಬಳು ಹುಡುಗಿಯ ಬಗ್ಗೆ ಓದಿದವರು ಹೆಚ್ಚು ಕೊಟ್ಟರು. ಹುಡುಗಿಯ ಕಥೆಗೆ ಅಂಕಿಗಳನ್ನೂ ಸೇರಿಸಿದಾಗ ದೇಣಿಗೆ ಇಳಿಯಿತು! ಹಾಗೆಂದು ಅಂಕಿ ಬಿಸಾಡಬೇಕಿಲ್ಲ, ಅನುದಾನ ಕೊಡುವ ಪ್ರತಿಷ್ಠಾನಗಳು ಅದನ್ನೇ ಕೇಳುತ್ತವೆ. ಸಾಮಾನ್ಯ ದಾನಿಯ ಪತ್ರ ಬೇರೆ, ಪ್ರತಿಷ್ಠಾನದ ಪ್ರಸ್ತಾವನೆ ಬೇರೆ ಎಂದು ತಿಳಿದರೆ ಸಾಕು. ಕಥೆ ಬಳಸುವ ಮುನ್ನ ಆ ವ್ಯಕ್ತಿಯ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ, ಮಕ್ಕಳಾದರೆ ಪೋಷಕರದ್ದು. ಅಳುವ ಮುಖದ ಫೋಟೊ ಒಂದು ಸಲ ಹಣ ತಂದೀತು, ಆ ಕುಟುಂಬ ಮತ್ತೆ ನಿಮ್ಮ ಬಾಗಿಲಿಗೆ ಬರಲಿಕ್ಕಿಲ್ಲ.

4. ದೇಣಿಗೆಯ ಏಣಿ

ಗುರಿ 10 ಲಕ್ಷವಾದರೆ ‘1,000 ಜನ ತಲಾ 1,000 ಕೊಟ್ಟರೆ ಆಯಿತು’ ಎಂದು ಸಭೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಹಾಗೆ ಆಗುವುದಿಲ್ಲ. ದೇಣಿಗೆ ಸಮನಾಗಿ ಹಂಚಿಕೊಂಡು ಬರುವುದಿಲ್ಲ, ದೊಡ್ಡ ಪಾಲು ಕೆಲವೇ ಕೈಗಳಿಂದ ಬರುತ್ತದೆ. ಆದ್ದರಿಂದ ಹೀಗೆ ಬರೆದುಕೊಳ್ಳಿ:

2 ಲಕ್ಷ ಕೊಡುವವರು 1
1 ಲಕ್ಷ ಕೊಡುವವರು 2
50,000 ಕೊಡುವವರು 4
25,000 ಕೊಡುವವರು 8
2,000 ಕೊಡುವವರು 100

ಮೊದಲ 15 ಜನರಿಂದಲೇ 8 ಲಕ್ಷ. ಕೇಳಿದವರೆಲ್ಲ ಕೊಡುವುದಿಲ್ಲವಾದ್ದರಿಂದ ಒಂದು ದೊಡ್ಡ ದೇಣಿಗೆಗೆ ಮೂರು ನಾಲ್ಕು ಹೆಸರು ಬೇಕು. 15 ದೇಣಿಗೆಗೆ 45ರಿಂದ 60 ಹೆಸರು. ಆಡಳಿತ ಮಂಡಳಿಯನ್ನು ಕೂರಿಸಿ ಈ ಹೆಸರುಗಳನ್ನು ಬರೆಸಿ. ಕೊಡುವ ಶಕ್ತಿ ಇದ್ದರೆ ಸಾಲದು, ನಿಮ್ಮ ಕೆಲಸದಲ್ಲಿ ಆಸಕ್ತಿ ಮತ್ತು ನಿಮ್ಮವರಲ್ಲಿ ಒಬ್ಬರ ಪರಿಚಯ ಎರಡೂ ಇರಬೇಕು. ಊರಿನ ಅತಿ ಶ್ರೀಮಂತರ ಪಟ್ಟಿ ಮಾಡಿ ಪತ್ರ ಹಾಕುವುದು ಅಂಚೆ ಖರ್ಚಷ್ಟೇ. 20 ಹೆಸರೂ ಸಿಗದಿದ್ದರೆ ಗುರಿಯನ್ನು ಇಳಿಸಿ, ಇಲ್ಲವೇ ವರ್ಷ ಮುಂದೂಡಿ.

ಮಂಡಳಿಯ ಸದಸ್ಯರು ತಾವು ಮೊದಲು ಕೊಡಲಿ, ಮೊತ್ತ ಚಿಕ್ಕದಾದರೂ ಸರಿ. ‘ನಿಮ್ಮ ಮಂಡಳಿಯವರು ಎಷ್ಟು ಜನ ಕೊಟ್ಟಿದ್ದಾರೆ?’ ಎಂದು ಅನುಭವಿ ದಾನಿಗಳು ಕೇಳುವುದುಂಟು.

5. ಕೇಳುವುದು

ದೊಡ್ಡ ಮೊತ್ತವನ್ನು ಮುಖಾಮುಖಿ ಕೇಳಬೇಕು. ಇಬ್ಬರು ಹೋಗಿ: ದಾನಿಯನ್ನು ಬಲ್ಲವರೊಬ್ಬರು, ಕೆಲಸವನ್ನು ಬಲ್ಲವರೊಬ್ಬರು. ಮೊತ್ತವನ್ನು ಬಾಯಿಬಿಟ್ಟು ಹೇಳಿ: ‘ಈ ವರ್ಷ ಐದು ಮಕ್ಕಳ ಪಾಠಕ್ಕೆ 60,000 ಕೊಡಲು ಸಾಧ್ಯವೇ?’ ‘ಕೈಲಾದಷ್ಟು ಕೊಡಿ’ ಎಂದರೆ ಕೈಗೆ ಬಂದಷ್ಟೇ ಸಿಗುತ್ತದೆ. ಕೇಳಿದ ಮೇಲೆ ಸುಮ್ಮನಿರಿ. ಕಷ್ಟ ಇರುವುದು ಇಲ್ಲಿ. ಸಂಕೋಚದಿಂದ ‘ಇಲ್ಲದಿದ್ದರೆ 10,000 ಆದರೂ ಪರವಾಗಿಲ್ಲ’ ಎಂದು ತಾವೇ ಇಳಿಸಿಬಿಡುವವರೇ ಹೆಚ್ಚು.

ಸಂಗ್ರಹಿಸಿದ ಹಣದಲ್ಲಿ ಶೇಕಡಾವಾರು ಕಮಿಷನ್ ಕೊಟ್ಟು ಜನರನ್ನು ನೇಮಿಸಬೇಡಿ. ನಿಧಿ ಸಂಗ್ರಹಕಾರರ ವೃತ್ತಿ ಸಂಹಿತೆಯೇ ಅದನ್ನು ಒಪ್ಪುವುದಿಲ್ಲ. ಕಮಿಷನ್ ಆಸೆಗೆ ಒತ್ತಾಯ ಶುರುವಾದರೆ ಕೆಡುವುದು ನಿಮ್ಮ ಹೆಸರು.

ಸಾಮಾಜಿಕ ಜಾಲತಾಣದ ಬಗ್ಗೆ ಒಂದು ಮಾತು. 2014ರಲ್ಲಿ ತಲೆಗೆ ಐಸ್ ನೀರು ಸುರಿದುಕೊಳ್ಳುವ ಸವಾಲಿನಿಂದ ಎಎಲ್‌ಎಸ್ ಎಂಬ ನರರೋಗದ ವಿರುದ್ಧ ಕೆಲಸ ಮಾಡುವ ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್‌ಗೆ ಸುಮಾರು 11.5 ಕೋಟಿ ಡಾಲರ್ ಬಂತು. ಆದರೆ ಅದನ್ನು ಹುಟ್ಟುಹಾಕಿದ್ದು ಆ ಸಂಸ್ಥೆಯ ಪ್ರಚಾರ ವಿಭಾಗವಲ್ಲ. ಅಂಥದ್ದನ್ನು ನಂಬಿ ಬಜೆಟ್ ಬರೆಯಲಾಗದು. ಜಾಲತಾಣಕ್ಕೆ ಬಂದವರ ಇಮೇಲ್ ಅಥವಾ ಫೋನ್ ನಂಬರನ್ನು ಅವರ ಒಪ್ಪಿಗೆಯೊಂದಿಗೆ ಪಡೆದುಕೊಳ್ಳಿ, ಆ ಪಟ್ಟಿ ಮಾತ್ರ ನಿಮ್ಮದಾಗಿ ಉಳಿಯುತ್ತದೆ.

6. ಅನುದಾನದ ಹಣಕ್ಕೆ ಗೆರೆ ಎಳೆಯಿರಿ

ಗ್ರಂಥಾಲಯಕ್ಕೆಂದು ಬಂದ ಹಣವನ್ನು ಸಂಬಳಕ್ಕೆ ಬಳಸುವಂತಿಲ್ಲ, ‘ಮುಂದಿನ ತಿಂಗಳು ಮರಳಿಸುತ್ತೇವೆ’ ಎಂಬುದೂ ನಡೆಯದು. ಸಂಸ್ಥೆಗಳು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ: ಬ್ಯಾಂಕಿನಲ್ಲಿ 5 ಲಕ್ಷ ಕಾಣುತ್ತದೆ, ಅದರಲ್ಲಿ 4.5 ಲಕ್ಷ ಬೇರೆ ಬೇರೆ ಉದ್ದೇಶಕ್ಕೆ ಕಟ್ಟಿಹಾಕಿದ್ದು. ಪ್ರತಿ ಅನುದಾನಕ್ಕೂ ಲೆಕ್ಕದಲ್ಲಿ ಪ್ರತ್ಯೇಕ ಕೋಡ್ ಇಡಿ. ಕಂತಿನಲ್ಲಿ ಬರುವ ಅನುದಾನ ತಡವಾಗುವುದು ಸಾಮಾನ್ಯ, ಕೆಲವಂತೂ ಖರ್ಚು ಮಾಡಿದ ಮೇಲೆಯೇ ಬರುತ್ತವೆ. ಹಾಗಾಗಿ 12 ತಿಂಗಳ ಹಣದ ಒಳಹರಿವು, ಹೊರಹರಿವಿನ ಪಟ್ಟಿ ಬೇಕು, ಕನಿಷ್ಠ ಮೂರು ತಿಂಗಳ ಖರ್ಚಿನಷ್ಟು ಯಾವ ಷರತ್ತೂ ಇಲ್ಲದ ಮೀಸಲು ಬೇಕು.

7. ರಸೀದಿಯ ಆಚೆಗೆ

100 ಹೊಸ ದಾನಿಗಳಲ್ಲಿ ಪ್ರತಿ ವರ್ಷ ಶೇ 30ರಷ್ಟು ಜನ ಮಾತ್ರ ಮರಳಿದರೆ ಮೂರು ವರ್ಷದ ಕೊನೆಗೆ ಉಳಿಯುವುದು ಮೂವರು. ಶೇ 60ರಷ್ಟು ಮರಳಿದರೆ ಸುಮಾರು 22 ಜನ. ಹೊಸಬರನ್ನು ಹುಡುಕುವ ಖರ್ಚಿನ ಮುಂದೆ ಇದ್ದವರನ್ನು ಉಳಿಸಿಕೊಳ್ಳುವುದು ಅಗ್ಗ, ಆದರೂ ಹೆಚ್ಚಿನ ಸಂಸ್ಥೆಗಳು ರಸೀದಿ ಕಳಿಸಿ ಮರೆಯುತ್ತವೆ.

ಹಣ ಬಂದ ಎರಡು ದಿನದೊಳಗೆ ಹೆಸರು ಹಿಡಿದು ಧನ್ಯವಾದ, ದೊಡ್ಡ ದಾನಿಗೆ ಫೋನ್. ಮೂರ್ನಾಲ್ಕು ತಿಂಗಳಿಗೆ, ಏನನ್ನೂ ಕೇಳದೆ, ಕೆಲಸದ ಸುದ್ದಿ. ನಂತರವೇ ಮುಂದಿನ ಮನವಿ. 60 ಮಕ್ಕಳೆಂದು ಹೇಳಿ 41 ಮಕ್ಕಳಷ್ಟೇ ಬಂದಿದ್ದರೆ ಆ ಅಂಕಿಯನ್ನೂ ಕಾರಣವನ್ನೂ ನೀವೇ ಮೊದಲು ತಿಳಿಸಿ, ಉಳಿದ ಹಣವನ್ನು ಏನು ಮಾಡಬೇಕೆಂದು ದಾನಿಯನ್ನು ಕೇಳಿ, ಅವರ ಉತ್ತರವನ್ನು ಫೈಲಿನಲ್ಲಿಡಿ.