ಲ್ಯಾಪ್‌ಟಾಪ್ ಚಾರ್ಜರ್ ವೈರುಗಳು: ನಾನು ಪಾಲಿಸಿಕೊಂಡು ಬಂದ ಕ್ರಮ

ತರಬೇತಿ ಕೊಠಡಿಯೊಂದರಲ್ಲಿ ಹಲವರು ಸರದಿಯಂತೆ ಬಳಸುವ ಲ್ಯಾಪ್‌ಟಾಪ್‌ಗಳ ಉಸ್ತುವಾರಿ ನನ್ನದು. ಈ ಕೆಲಸದಲ್ಲಿ ನಾನು ಕಂಡಂತೆ, ಯಂತ್ರಗಳಿಗಿಂತ ಮೊದಲು ಕೈಕೊಡುವುದು ಅವುಗಳ ಅಡಾಪ್ಟರುಗಳು. ಅಡಾಪ್ಟರುಗಳಲ್ಲಿಯೂ ಪೆಟ್ಟಿಗೆಯೊಳಗಿನ ಸರ್ಕ್ಯೂಟಿಗಿಂತ ಮೊದಲು ಕೆಡುವುದು ವೈರು. ಆ ವೈರು ನಡುವಿನಲ್ಲಿ ಹಾಳಾಗುವುದು ಅಪರೂಪ. ಪೆಟ್ಟಿಗೆಯಿಂದ ವೈರು ಹೊರಬರುವ ಜಾಗ ಮತ್ತು ಲ್ಯಾಪ್‌ಟಾಪಿಗೆ ಚುಚ್ಚುವ ಪಿನ್ನಿನ ಬುಡ, ಈ ಎರಡು ಕಡೆಗಳ ಕೆಲವೇ ಸೆಂಟಿಮೀಟರುಗಳು ಇಡೀ ಚಾರ್ಜರಿನ ಬಾಳಿಕೆಯನ್ನು ನಿರ್ಧರಿಸುತ್ತವೆ. ಆದ್ದರಿಂದ ವೈರುಗಳನ್ನು ಅಚ್ಚುಕಟ್ಟಾಗಿ ಕಾಣಿಸುವಂತೆ ಜೋಡಿಸುವುದಕ್ಕಿಂತ, ಆ ಎರಡು ತುದಿಗಳು ಮಡಚಿಕೊಳ್ಳದಂತೆ, ಅವುಗಳ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದೇ ನಿಜವಾದ ನಿರ್ವಹಣೆ ಎಂದು ನಾನು ತಿಳಿದಿದ್ದೇನೆ.

ಇದರ ಕಾರಣ ವೈರಿನ ರಚನೆಯಲ್ಲಿಯೇ ಇದೆ. ಗೋಡೆಯ ಸಾಕೆಟ್ಟಿನಿಂದ ಪೆಟ್ಟಿಗೆಯವರೆಗಿನ ದಪ್ಪ ವೈರು ಮತ್ತು ಪೆಟ್ಟಿಗೆಯಿಂದ ಲ್ಯಾಪ್‌ಟಾಪಿನವರೆಗಿನ ತೆಳುವಾದ ವೈರು ಒಂದೇ ಬಗೆಯವಲ್ಲ. 65 ವ್ಯಾಟ್‌ನ ಅಡಾಪ್ಟರನ್ನೇ ತೆಗೆದುಕೊಳ್ಳಿ. 230 ವೋಲ್ಟ್ ಇರುವ ಗೋಡೆಯ ಬದಿಯಲ್ಲಿ ಹರಿಯುವ ಕರೆಂಟು ಸುಮಾರು 0.3 ಆಂಪಿಯರ್ ಮಾತ್ರ. 20 ವೋಲ್ಟ್ ಇರುವ ಲ್ಯಾಪ್‌ಟಾಪಿನ ಬದಿಯಲ್ಲಿ ಅದು 3.25 ಆಂಪಿಯರ್. ಹೆಚ್ಚು ಬಾಗುವ, ಹೆಚ್ಚು ಎಳೆದಾಟಕ್ಕೆ ಸಿಗುವ ತೆಳುವಾದ ವೈರೇ ಹತ್ತು ಪಟ್ಟು ಕರೆಂಟನ್ನು ಹೊರಬೇಕಾಗಿದೆ. ಅದರೊಳಗೆ ಸಾಮಾನ್ಯವಾಗಿ ನಡುವೆ ಕೂದಲೆಳೆಯಂಥ ತಾಮ್ರದ ಎಳೆಗಳ ಒಂದು ಕಟ್ಟು, ಅದರ ಮೇಲೆ ಇನ್ಸುಲೇಶನ್, ಅದರ ಸುತ್ತ ಕರೆಂಟು ಹಿಂದಿರುಗಲು ಇನ್ನೊಂದು ಪದರ ತಾಮ್ರದ ಎಳೆಗಳು, ಎಲ್ಲಕ್ಕೂ ಹೊರಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತವೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಾಗಿದಾಗ ಈ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಉಳಿದ ಎಳೆಗಳು ಪೂರ್ತಿ ಕರೆಂಟನ್ನು ಹೊರಬೇಕಾಗಿ ಬಂದು ಆ ಜಾಗ ಬಿಸಿಯಾಗತೊಡಗುತ್ತದೆ. ತುಂಡಾದ ಹೊರಗಿನ ಎಳೆಯ ಮೊನೆ ಒಳಗಿನ ಇನ್ಸುಲೇಶನ್ನನ್ನು ಚುಚ್ಚಿದರೆ ಶಾರ್ಟ್ ಆಗಿ, ಅಡಾಪ್ಟರು ತನ್ನ ರಕ್ಷಣೆಗಾಗಿ ತಾನೇ ನಿಂತುಹೋಗುತ್ತದೆ. ಹೊರಗಿನ ಹೊದಿಕೆಯಲ್ಲಿ ಒಂದು ಗೀರೂ ಕಾಣದಿರುವಾಗಲೇ ಇಷ್ಟೆಲ್ಲ ನಡೆದಿರಬಹುದು.

ಪೆಟ್ಟಿಗೆಯ ಸುತ್ತ ವೈರನ್ನು ಬಿಗಿಯಾಗಿ ಸುತ್ತಿಡುವುದು ಬಹುತೇಕರ ಅಭ್ಯಾಸ. ಚೀಲದಲ್ಲಿ ಜಾಗ ಕಡಿಮೆ ಹಿಡಿಯುತ್ತದೆ ಎಂಬುದು ನಿಜ, ಆದರೆ ಪ್ರತಿ ಬಾರಿಯೂ ವೈರು ಪೆಟ್ಟಿಗೆಯ ಬಾಯಿಯಲ್ಲಿಯೇ ಚೂಪಾಗಿ ಮಡಚಿಕೊಳ್ಳುತ್ತದೆ. ಅಲ್ಲಿ ಇರುವ ಗೆರೆಗೆರೆಯ ರಬ್ಬರಿನಂಥ ತೋಳು ಸಣ್ಣ ಬಾಗುವಿಕೆಯನ್ನು ಹಂಚಿಕೊಳ್ಳಲು ಇರುವುದೇ ಹೊರತು ಮಡಿಕೆಯನ್ನು ತಡೆದುಕೊಳ್ಳಲು ಅಲ್ಲ. ನಾನು ವೈರನ್ನು ಪೆಟ್ಟಿಗೆಗೆ ಸುತ್ತುವುದಿಲ್ಲ; ಪೆಟ್ಟಿಗೆಯ ಬಾಯಿಯಿಂದ ಒಂದು ಗೇಣಿನಷ್ಟು ವೈರನ್ನು ಸಡಿಲವಾಗಿ ಬಿಟ್ಟು, ಉಳಿದದ್ದನ್ನು ಅಂಗೈಗಿಂತ ತುಸು ಅಗಲವಾದ ಸುರುಳಿಯಾಗಿ ಬೇರೆಯೇ ಸುತ್ತುತ್ತೇನೆ. ಪೆಟ್ಟಿಗೆಗೆ ಸುತ್ತಲೇಬೇಕಾದ ಸಂದರ್ಭದಲ್ಲಿಯೂ ಮೊದಲು ಆ ಸಡಿಲ ಕುಣಿಕೆಯನ್ನು ಬಿಟ್ಟುಕೊಂಡು, ಆಮೇಲೆಯೇ ಸುತ್ತಬೇಕು.

ಸುರುಳಿ ಸುತ್ತುವುದರಲ್ಲಿಯೂ ಒಂದು ವಿವೇಕ ಬೇಕು. ಒಂದೇ ದಿಕ್ಕಿನಲ್ಲಿ ಸುತ್ತುತ್ತಾ ಹೋದರೆ, ಪ್ರತಿ ಸುತ್ತಿಗೂ ವೈರಿನೊಳಗೆ ಒಂದು ತಿರುಚು ಸೇರಿಕೊಳ್ಳುತ್ತದೆ. ಬಿಚ್ಚಿ ಎಳೆದಾಗ ಅದು ಗಂಟುಗಂಟಾಗಿ ನಿಲ್ಲುವುದು ಈ ಕಾರಣಕ್ಕೆ. ಧ್ವನಿವರ್ಧಕ ಮತ್ತು ಚಿತ್ರೀಕರಣದ ತಂಡಗಳವರು ಉದ್ದದ ಕೇಬಲ್ಲುಗಳಿಗೆ ಬಳಸುವ ಕ್ರಮವನ್ನೇ ನಾನು ಈ ಚಿಕ್ಕ ವೈರುಗಳಿಗೂ ಅನ್ವಯಿಸುತ್ತೇನೆ: ಒಂದು ಸುತ್ತನ್ನು ಸಹಜವಾಗಿ ಮೇಲಿನಿಂದ ಹಾಕಿ, ಮುಂದಿನದನ್ನು ಬೆರಳುಗಳಲ್ಲಿ ವೈರನ್ನು ಒಳಮುಖವಾಗಿ ಹೊರಳಿಸಿ ಕೆಳಗಿನಿಂದ ಹಾಕಿದರೆ, ಮೊದಲನೆಯದರ ತಿರುಚನ್ನು ಎರಡನೆಯದು ಅಳಿಸಿಹಾಕುತ್ತದೆ. ಪೆಟ್ಟಿಗೆಯ ಕಡೆಯಿಂದ ಆರಂಭಿಸಿ ಪಿನ್ನಿನ ಕಡೆಗೆ ಸಾಗುವುದು ಮುಖ್ಯ, ಏಕೆಂದರೆ ಉಳಿದ ಅಲ್ಪಸ್ವಲ್ಪ ತಿರುಚು ಬಿಡುವಾಗಿರುವ ತುದಿಯಿಂದ ಹೊರಹೋಗುತ್ತದೆ. ಹೀಗೆ ಸುತ್ತಿದ ಸುರುಳಿಯ ನಡುವೆ ಪಿನ್ನನ್ನು ತೂರಿಸಬಾರದು; ತೂರಿಸಿದರೆ ಬಿಚ್ಚುವಾಗ ಸಾಲುಸಾಲು ಗಂಟುಗಳು ಬೀಳುತ್ತವೆ. ಕಟ್ಟಲು ನಾನು ಬಳಸುವುದು ವೆಲ್ಕ್ರೋ ಪಟ್ಟಿ. ಅದರ ಒಂದು ತುದಿಯನ್ನು ವೈರಿನ ನಡುಭಾಗಕ್ಕೆ ಕಾಯಂ ಆಗಿ ಸಿಕ್ಕಿಸಿರುವುದರಿಂದ ಅದು ಕಳೆದುಹೋಗುವುದೂ ಇಲ್ಲ. ರಬ್ಬರ್ ಬ್ಯಾಂಡು ಹಳೆಯದಾದಂತೆ ಅಂಟಾಗುತ್ತದೆ, ಒಳಗೆ ಕಬ್ಬಿಣದ ತಂತಿಯಿರುವ ಕಟ್ಟುಗಳು ಹೊದಿಕೆಯನ್ನು ಒತ್ತುತ್ತವೆ. ಎತ್ತಿಡುವಾಗ ವೈರುಗಳನ್ನು ಥರ್ಮೋಕೋಲ್ ಜತೆ ಇಡದಿರುವುದೂ ಒಳ್ಳೆಯದು. ಪಿವಿಸಿ ಹೊದಿಕೆಯನ್ನು ಮೆತ್ತಗಿಡುವ ರಾಸಾಯನಿಕವು ನಿಧಾನವಾಗಿ ಥರ್ಮೋಕೋಲಿಗೆ ಇಳಿದುಹೋಗಿ ವೈರು ಗಡುಸಾಗುತ್ತದೆ.

ಬಳಕೆಯಲ್ಲಿರುವಾಗ ನಾನು ಮೊದಲು ನೋಡುವುದು ಪೆಟ್ಟಿಗೆ ಎಲ್ಲಿದೆ ಎಂಬುದನ್ನು. ಅದು ಮೇಜಿನ ಅಂಚಿನಿಂದ ತೂಗಾಡುತ್ತಿದ್ದರೆ ಅದರ ಪೂರ್ತಿ ಭಾರ ಪಿನ್ನಿನ ಬುಡದ ಮೇಲೆ ಬೀಳುತ್ತದೆ, ಅಲ್ಲಿಂದ ಲ್ಯಾಪ್‌ಟಾಪಿನ ಒಳಗಿನ ಜಾಕಿಗೂ ದಾಟುತ್ತದೆ. ಜಾಕು ಸಡಿಲವಾದರೆ ಅದರ ದುರಸ್ತಿ ಅಡಾಪ್ಟರು ಬದಲಿಸಿದಷ್ಟು ಸುಲಭವಲ್ಲ. ಆದ್ದರಿಂದ ಪೆಟ್ಟಿಗೆಯನ್ನು ಮೇಜಿನ ಮೇಲೆಯೋ ನೆಲದ ಮೇಲೆಯೋ ಕೂರಿಸುತ್ತೇನೆ ಅಥವಾ ಮೇಜಿನ ಅಡಿಗೆ ಪಟ್ಟಿಯಿಂದ ಬಿಗಿಯುತ್ತೇನೆ. ಪಿನ್ನಿಗೆ ಹತ್ತಿರದಲ್ಲಿ ಕೆಲವು ವೈರುಗಳಿಗೆ ಇರುವ ದಪ್ಪನೆಯ ಉರುಳೆ ಫೆರೈಟ್. ಅದು ಅಧಿಕ ಆವರ್ತನದ ವಿದ್ಯುತ್ ಗದ್ದಲವನ್ನು ತಡೆಯುವ ಭಾಗ, ಕತ್ತರಿಸಿ ತೆಗೆಯುವಂಥದ್ದಲ್ಲ. ಆದರೆ ಅದಕ್ಕೂ ತೂಕವಿರುವುದರಿಂದ, ಅದು ಗಾಳಿಯಲ್ಲಿ ತೂಗದೆ ಮೇಜಿನ ಮೇಲೆ ಒರಗಿರುವಷ್ಟು ಸಡಿಲವನ್ನು ಬಿಡುತ್ತೇನೆ. ಪೆಟ್ಟಿಗೆಯ ಮೇಲೆ ಬಟ್ಟೆ, ಪುಸ್ತಕ, ದಿಂಬು ಇರಬಾರದು. ಒಳಬರುವ ವಿದ್ಯುತ್ತಿನ ಒಂದು ಪಾಲು ಅಲ್ಲಿ ಶಾಖವಾಗಿಯೇ ಹೊರಬರಬೇಕಾಗಿದೆ.

ಜನ ಓಡಾಡುವ ಕಡೆ ಕಾಲಿಗೆ ವೈರು ತೊಡರುವುದು ಇನ್ನೊಂದು ಅಪಾಯ. ಆಪಲ್ ಕಂಪನಿಯು 2006ರಲ್ಲಿ ತಂದ ಮ್ಯಾಗ್‌ಸೇಫ್ ಇದಕ್ಕೆ ಕೊಟ್ಟ ಉತ್ತರ ನನಗೆ ಬಹಳ ಮೆಚ್ಚುಗೆಯಾದದ್ದು: ಆಯಸ್ಕಾಂತದಿಂದ ಹಿಡಿದುಕೊಂಡಿರುವ ತುದಿಯು ಎಳೆತ ಬಿದ್ದೊಡನೆ ಕಳಚಿಕೊಳ್ಳುತ್ತದೆ. 2016ರ ಮ್ಯಾಕ್‌ಬುಕ್ ಪ್ರೋದಲ್ಲಿ ಅದನ್ನು ಕೈಬಿಟ್ಟ ಕಂಪನಿ 2021ರಲ್ಲಿ ಮರಳಿ ತಂದಿತು. ಆ ಸೌಲಭ್ಯವಿಲ್ಲದ ಯಂತ್ರಗಳಿಗೆ ಗೋಡೆಯ ಬದಿಗೇ ಆಸನ ಹಾಕಿ, ವೈರು ನಡೆದಾಡುವ ದಾರಿಯನ್ನು ದಾಟದಂತೆ ಮಾಡುವುದೊಂದೇ ನಾನು ನಂಬುವ ಉಪಾಯ.

ಯುಎಸ್‌ಬಿ-ಸಿ ಬಂದ ಮೇಲೆ ನನ್ನ ಕೆಲಸ ಹಗುರವಾಗಿದೆ, ಏಕೆಂದರೆ ಅಂಥ ಬಹಳಷ್ಟು ಚಾರ್ಜರುಗಳಲ್ಲಿ ವೈರಿನ ಎರಡೂ ತುದಿಗಳು ಕಳಚುತ್ತವೆ. ವೈರು ಕೆಟ್ಟರೆ ವೈರನ್ನಷ್ಟೇ ಬದಲಿಸಿದರೆ ಸಾಕು. ಐರೋಪ್ಯ ಒಕ್ಕೂಟವು 2026ರ ಏಪ್ರಿಲ್ 28ರಿಂದ ಹೊಸ ಲ್ಯಾಪ್‌ಟಾಪ್‌ಗಳಿಗೂ ಯುಎಸ್‌ಬಿ-ಸಿ ಚಾರ್ಜಿಂಗನ್ನು ಕಡ್ಡಾಯಗೊಳಿಸಿದೆ. ಆದರೆ ನೋಡಲು ಒಂದೇ ರೀತಿ ಇರುವ ಕೇಬಲ್ಲುಗಳ ಸಾಮರ್ಥ್ಯ ಒಂದೇ ಅಲ್ಲ. ಸಾಮಾನ್ಯ ಕೇಬಲ್ಲು 3 ಆಂಪಿಯರಿಗೆ, ಅಂದರೆ 60 ವ್ಯಾಟಿಗೆ ನಿಲ್ಲುತ್ತದೆ. ಅದನ್ನು ಮೀರಲು ತುದಿಯೊಳಗೆ ಗುರುತಿನ ಚಿಪ್ ಇರುವ 5 ಆಂಪಿಯರಿನ ಕೇಬಲ್ಲು ಬೇಕು. ಹಾಗಾಗಿ ಪ್ರತಿಯೊಂದರ ಮೇಲೂ ವ್ಯಾಟ್ ಬರೆದ ಚೀಟಿ ಅಂಟಿಸಿದ್ದೇನೆ. ಹಳೆಯ ದುಂಡು ಪಿನ್ನಿನ ಅಡಾಪ್ಟರುಗಳ ವಿಷಯದಲ್ಲಿ ಚೀಟಿ ಇನ್ನೂ ಅಗತ್ಯ, ಏಕೆಂದರೆ ಪಿನ್ನು ಹೊಂದಿದ ಮಾತ್ರಕ್ಕೆ ವೋಲ್ಟೇಜು ಹೊಂದಬೇಕೆಂದಿಲ್ಲ. ಪೆಟ್ಟಿಗೆಯ ಮೇಲಿನ ಅಕ್ಷರ ತೀರ ಸಣ್ಣದಾದ್ದರಿಂದ ವೋಲ್ಟ್, ಆಂಪಿಯರ್‌ಗಳನ್ನು ದೊಡ್ಡದಾಗಿ ಬರೆದು, ಅಡಾಪ್ಟರಿಗೂ ಅದರ ಲ್ಯಾಪ್‌ಟಾಪಿಗೂ ಒಂದೇ ಬಣ್ಣದ ಟೇಪನ್ನು ಸುತ್ತಿದ್ದೇನೆ.

ಯಂತ್ರಗಳನ್ನು ಮರಳಿ ಪಡೆಯುವಾಗ ಪ್ರತಿ ವೈರಿನ ಎರಡೂ ತುದಿಗಳನ್ನು ಬೆರಳಿನಿಂದ ಸವರಿ ನೋಡುತ್ತೇನೆ. ಉಳಿದ ಭಾಗಕ್ಕಿಂತ ಬಿಸಿಯಾದ, ತೀರ ಮೆತ್ತಗಾದ ಅಥವಾ ಉಬ್ಬಿದ ಜಾಗ ಸಿಕ್ಕರೆ, ಅಥವಾ ಮೆಲ್ಲನೆ ಅಲುಗಿಸಿದಾಗ ಚಾರ್ಜಿಂಗ್ ದೀಪ ಮಿನುಗಿದರೆ, ಆ ಅಡಾಪ್ಟರನ್ನು ಅಂದೇ ಬಳಕೆಯಿಂದ ತೆಗೆಯುತ್ತೇನೆ. ಇನ್ಸುಲೇಶನ್ ಟೇಪು ಸುತ್ತಿ ಮುಂದುವರಿಸುವುದನ್ನು ನಾನು ಒಪ್ಪುವುದಿಲ್ಲ. ಟೇಪು ಒಳಗಿನ ಎಳೆಗಳನ್ನು ಕೂಡಿಸುವುದಿಲ್ಲ, ಹಾನಿಯನ್ನು ಕಣ್ಣಿಗೆ ಮರೆಮಾಡುತ್ತದೆ ಅಷ್ಟೆ. ಗೋಡೆಯ ಬದಿಯ ವೈರಾದರೆ ಅದು ಬಿಡಿಯಾಗಿಯೇ ಸಿಗುವುದರಿಂದ ಹೊಸದನ್ನು ಹಾಕುತ್ತೇನೆ. ಮೂರು ಪಿನ್ನಿನ ಜಾಗದಲ್ಲಿ ಅರ್ಥಿಂಗ್ ಇಲ್ಲದ ವೈರನ್ನು ಎಂದಿಗೂ ಸೇರಿಸುವುದಿಲ್ಲ. ಪೆಟ್ಟಿಗೆಯನ್ನು ನಾನು ಬಿಚ್ಚುವುದಿಲ್ಲ, ಏಕೆಂದರೆ ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಅಪಾಯಕಾರಿ ವೋಲ್ಟೇಜು ಉಳಿದಿರಬಹುದು. ಬಳಕೆಯಿಂದ ತೆಗೆದ ಅಡಾಪ್ಟರನ್ನು ಇನ್ಯಾರೂ ಎತ್ತಿಕೊಂಡು ಬಳಸದಂತೆ, ಗೋಡೆಯಿಂದ ಕಳಚಿದ ಮೇಲೆ ಅದರ ಪಿನ್ನನ್ನು ಕತ್ತರಿಸಿಯೇ ಇ-ತ್ಯಾಜ್ಯದ ಡಬ್ಬಿಗೆ ಹಾಕುತ್ತೇನೆ.